ದೀಪವಿಲ್ಲದ ಹುಳ

ಮಾರ್ಚ್ 4
ಲ್ಯಾಬಿನಲ್ಲಿ ಬೆಳಗ್ಗೆಯಿಡೀ ಸೂಕ್ಷ್ಮದರ್ಶಕದಡಿ ಹುಳ ಎತ್ತಿದ್ದೇ ಕೆಲಸ. ತಂತಿಯ ತುದಿಯಲ್ಲಿ ಒಂದೊಂದೇ, ಹಳೇ ಪ್ಲೇಟಿನಿಂದ ಹೊಸದಕ್ಕೆ. ಕತ್ತು ಹಿಡಿದುಕೊಂಡಿದೆ. ಮುದಿ ಹುಳಗಳ ಕರುಳು ಮತ್ತೆ ನೋಡಿದೆ — ಜೀವಕೋಶಗಳ ನಡುವಿನ ಹಸಿರು ಗೆರೆ ಅಲ್ಲಲ್ಲಿ ಹರಿದಿದೆ. ಕೋಶಕ್ಕೆ ಕೋಶ ಹೊಲಿದಿಡುವ ಪ್ರೊಟೀನು ಅದು. ಕಣ್ಣಿಗೆ ಕಾಣಲೆಂದು ಅದಕ್ಕೊಂದು ಹಸಿರು ದೀಪ, ಅಂದರೆ ಹೊಳೆಯುವ ಇನ್ನೊಂದು ಪ್ರೊಟೀನು, ಅಂಟಿಸಿದ್ದೇವೆ. ವಯಸ್ಸಾದಂತೆ ಹೊಲಿಗೆ ಬಿಚ್ಚುತ್ತದೆ, ಕರುಳು ಸೋರುತ್ತದೆ. ನನ್ನ ಇಡೀ ಥೀಸಿಸ್ ಇಷ್ಟೇ.

ಅಕ್ಕನ ಫೋನ್. ಕರುಳಿನ ಹುಣ್ಣಿನ ಕಾಯಿಲೆ ಅವಳಿಗೆ, ಅವಳ ಕರುಳೂ ಸೋರುವಂಥದ್ದೇ. "ಏನೇ ಹುಳದ ಡಾಕ್ಟ್ರೇ, ಹೊಲಿಗೆ ಹಾಕೋದು ಕಲಿತ್ಯಾ? ನಿನ್ನ ಔಷಧಿ ಬರೋವರ್ಗೂ ಆಪರೇಷನ್ ಬೇಡ ಅಂದ್ಬಿಟ್ಟಿದೀನಿ." ನಕ್ಕೆ. ಬೈಯಬೇಕಿತ್ತು.

ಮಾರ್ಚ್ 11
ಜರ್ನಲ್‌ಗೆ ಕಳಿಸಿದ್ದ ಪೇಪರ್ ವಾಪಸ್ ಬಂದಿದೆ. ಪರಿಶೀಲಿಸಿದವರದು ಒಂದೇ ಪ್ರಶ್ನೆ — ದೀಪ ಅಂಟಿಸದ ಹುಳದಲ್ಲೂ ಹೀಗೇ ಹರಿಯುತ್ತದೆಯೇ? ನನ್ನ ಗೈಡ್ ಸರ್ ಮೂಗು ಮುರಿದರು. "ಕೊಂಕು ತೆಗೀಲೇಬೇಕಲ್ಲ ಅವ್ರಿಗೆ. ಮಾಡಿ ಮುಗಿಸಮ್ಮ."

ಎಳೆಯವು, ಮುದಿಯವು, ಹೋಲಿಕೆಗೆಂದು ಇಟ್ಟವು... ಎಲ್ಲಕ್ಕೂ ದೀಪ ಇತ್ತು. ಯಾರಿಗೂ ಹೊಳೆಯಲೇ ಇಲ್ಲ.

ಮಾರ್ಚ್ 29
ದೀಪವಿಲ್ಲದ ಮುದಿ ಹುಳಗಳಿಗೆ, ಆ ಹೊಲಿಗೆಯ ಪ್ರೊಟೀನಿಗಷ್ಟೇ ಹಿಡಿಯುವ ಬಣ್ಣ ಹಾಕಿ ನೋಡಿದೆ. ಗೆರೆ ಅಖಂಡ. ಹೊಸ ಪ್ಲೇಟು, ಹೊಸ ಹುಳ. ಮತ್ತೆ ಅಖಂಡ. ಅದೇ ಬಣ್ಣ ಹಾಕಿದ ದೀಪದ ಹುಳಗಳಲ್ಲಿ ಮಾತ್ರ ಹರುಕು.

ವಯಸ್ಸು ಏನೂ ಮಾಡಿರಲಿಲ್ಲ. ದಿನವೂ ಹೊತ್ತ ದೀಪದ ಭಾರಕ್ಕೆ ಹೊಲಿಗೆ ಬಿಚ್ಚಿದ್ದು.

ಮಾರ್ಚ್ 30
ಸರ್ ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರು. "ಪೇಪರ್ ಹಿಂದಕ್ಕೆ ತಗೋತೀನಿ. ನೀನು ಮನೆಗೆ ಹೋಗು." ಬೈದಿದ್ದರೆ ಚೆನ್ನಾಗಿತ್ತು.

ಔಷಧಿ ಬರೋದಿಲ್ಲ, ಆಪರೇಷನ್ ಮಾಡಿಸಿಕೋ ಅಂತ ಅಕ್ಕನಿಗೆ ಹೇಳಬೇಕು. ಫೋನ್ ಎತ್ತಿದೆ, ಇಟ್ಟೆ.

ಏಪ್ರಿಲ್ 21
ಈಗಲೂ ಹುಳ ಎತ್ತುತ್ತೇನೆ. ಮಧ್ಯಾಹ್ನ ಭಾವನ ಫೋನ್ — ಅಕ್ಕ ಆಸ್ಪತ್ರೆಯಲ್ಲಿ. ಕರುಳು ತೂತಾಗಿ ಹೊಟ್ಟೆಯೆಲ್ಲ ಕೀವು. "ಈಗ ಆಪರೇಷನ್ ತಡ್ಕೊಳೋ ಶಕ್ತಿ ಇಲ್ವಂತೆ. ಮೊದ್ಲೇ ಮಾಡಿಸ್ಬೇಕಿತ್ತಂತೆ."

ಮೊದಲೇ. ನಾನು ಆವತ್ತೇ ಬಾಯಿ ಬಿಟ್ಟಿದ್ದರೆ...

ಏಪ್ರಿಲ್ 23, ಸಂಜೆ
ವಾರ್ಡಿನ ಹೊರಗಿನ ಬೆಂಚು. ಈಗಷ್ಟೇ ಒಳಗಿಂದ ಬಂದೆ. ಅಕ್ಕ ಕಣ್ಣು ಬಿಟ್ಟಿದ್ದಳು.

"ಹುಳ ಹೇಗಿದಾವೆ?"

"ಚೆನ್ನಾಗಿದಾವೆ." ಸುಳ್ಳಲ್ಲ ಅದು.

"ಕರುಳು?"

"ಎಲ್ಲೂ ಹರಿದಿಲ್ಲ ಅಕ್ಕ."

ಸೂಜಿ ಚುಚ್ಚಿದ ಕೈಯಲ್ಲೇ ನನ್ನ ಬೆರಳು ಹಿಡಿದುಕೊಂಡಳು. "ಹಾಗಾದ್ರೆ ಔಷಧಿ ಸಿಕ್ಕಂಗಾಯ್ತಲ್ಲೇ! ಇನ್ನೇನು ನಂಗೆ... ಇವ್ರಿಗೂ ಹೇಳು, ಸುಮ್ನೆ ಅಳ್ತಾ ಕೂತಿದಾರೆ."

ಬಿಡಿಸಿ ಹೇಳಬೇಕಿತ್ತು. ಆಗಲಿಲ್ಲ. ನಾಳೆ ಬೆಳಗ್ಗೆ ಹೇಳುತ್ತೇನೆ, ಅವಳು— ಒಳಗಿಂದ ಭಾವ ಕೂಗುತ್ತಿದ್ದಾರೆ.