ಕ್ಯಾಮೆರಾದ ಮುಂದಿನ ತಾಟು

ಬಮ್ಮಿಗಟ್ಟಿ, ಸೋಮವಾರ

ಅಮೃತಾಳ ಕಾಲೇಜಿನ ಅಕ್ಕೋರಿಗೆ ಅವಳ ತಾಯಿ ಶಿವಗಂಗವ್ವನ ಶರಣು.

ಐದನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿರಿ. ಮೂರು ದಿನದಿಂದ ಇದೇ ಚಿಂತೆ ಮಾಡಿ ಸಾಕಾಗಿದೆ.

ಎಂ.ಎ. ಪರೀಕ್ಷೆಗೆಂದು ಮಗಳು ನಮ್ಮ ಅಡಿಗೆ ಮನೆಯನ್ನು ಸುತ್ತಲೂ ಕಾಣುವ ಕ್ಯಾಮೆರಾದಲ್ಲಿ ಹಿಡಿದಿದ್ದಾಳೆ. ಕಣ್ಣಿಗೆ ಪೆಟ್ಟಿಗೆ ಕಟ್ಟಿಕೊಂಡು ನೋಡಿದವರಿಗೆ ಇಲ್ಲೇ ಕುಳಿತಂತೆ ಆಗುತ್ತದಂತೆ. ಕ್ಯಾಮೆರಾ ಇಟ್ಟದ್ದು ಅವಳಪ್ಪ ಊಟಕ್ಕೆ ಕೂರುತ್ತಿದ್ದ ಜಾಗದಲ್ಲಿ. ಅವರು ತೀರಿಕೊಂಡ ಮೇಲೆ ಅಲ್ಲಿ ಯಾರೂ ಕೂತಿಲ್ಲ. "ಯವ್ವಾ, ಅಲ್ಲಿ ಯಾರೂ ಇಲ್ಲಂತ ತಿಳಕೊಂಡು ಉಣ್ಣು" ಎಂದು ಹೇಳಿ ಅವಳು ಹೊರಗೆ ಹೋದಳು. ನನ್ನ ಕೈ ಕೇಳಲಿಲ್ಲ. ಅದರ ಮುಂದೆ ತಾಟು ಇಟ್ಟು, ಎರಡು ರೊಟ್ಟಿ, ಬದನೀಕಾಯಿ ಪಲ್ಯ ಬಡಿಸಿದ ಮೇಲೆಯೇ ನಾನು ಉಂಡೆ.

ಆಮೇಲೆ ಕಂಪ್ಯೂಟರಿನಲ್ಲಿ ಅದನ್ನು ನೋಡಿದ ಅಮೃತಾ, "ಕ್ಯಾಮೆರಾ ರೊಟ್ಟಿ ತಿಂತೈತೇನ ಬೇ?" ಎಂದು ನಕ್ಕಳು, ನಗುತ್ತಲೇ ತಲೆಗೆ ಕೈ ಹಚ್ಚಿ ಕುಳಿತಳು. ಖಾಲಿ ಜಾಗವನ್ನು ತೋರಿಸುವುದೇ ಅವಳ ಕೆಲಸವಾಗಿತ್ತಂತೆ. ಅಷ್ಟರಲ್ಲಿ ಕ್ಯಾಮೆರಾ ಕಾಲೇಜಿಗೆ ವಾಪಸ್ ಹೋಗಿತ್ತು, ಪರೀಕ್ಷೆಯ ಒಳಗೆ ಮತ್ತೆ ಸಿಗುವುದಿಲ್ಲವಂತೆ. ತಪ್ಪು ನನ್ನದು ಅಕ್ಕೋರ, ಅವಳ ಮಾರ್ಕ್ಸ್ ಕಡಿಮೆ ಮಾಡಬೇಡಿರಿ.

ತಾಟನ್ನು ಕಂಪ್ಯೂಟರಿನಲ್ಲಿ ಅಳಿಸಿಬಿಡುತ್ತೇನೆ ಎನ್ನುತ್ತಾಳೆ. ಅದೊಂದು ಬೇಡವೆಂದು ನೀವೇ ಹೇಳಿರಿ, ನನ್ನ ಮಾತು ಕೇಳುವುದಿಲ್ಲ. ಅಳಿಸಿದರೆ, ಅಲ್ಲಿ ಕುಳಿತವರನ್ನು ಉಪವಾಸ ಇಟ್ಟು ನಾನೊಬ್ಬಳೇ ಉಂಡ ಹಾಗೆ ಕಾಣುತ್ತದೆ.

ನಿಮ್ಮ ಉತ್ತರದ ದಾರಿ ಕಾಯುವ,
ಶಿವಗಂಗವ್ವ, ಗಂಡ ಮಡಿವಾಳೆಪ್ಪ