ಪಾಕೀಟಿನ ಮೊಸರು

ಏಪ್ರಿಲ್ 9, ಬುಧವಾರ. ಬೆಳಿಗ್ಗೆ 11

ಮಗ ಅಮರ ಹೊರಗೆ — 8.30. ಸೊಸೆ ಪ್ರಮಿಳಾ ಹೊರಗೆ — 9.10, ಟಿಳಕವಾಡಿಯ ಹೊಲಿಗೆ ಅಂಗಡಿಗೆ. ಗೇಟ್ ಹಾಕಿದೆ. ಫೌಂಡ್ರಿಯ ಗೇಟಿನಲ್ಲಿ ಇಪ್ಪತ್ತೆಂಟು ವರ್ಷ ಇದನ್ನೇ ಬರೆದ ಕೈ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನಿಗೆ ಇನ್ನೇನು ಬರುತ್ತದೆ. ರಿಟೈರ್ ಆದರೂ ಚಟ ಹೋಗಿಲ್ಲ.

ಹೆಂಡತಿ ಸಿದ್ದಕ್ಕನಿಗೆ ಎರಡನೇ ಕೀಮೋ ಆಗಿ ಐದು ದಿನ. ಬಾಯಿ ತುಂಬ ಹುಣ್ಣು. ರೊಟ್ಟಿ ಬೇಡ, ಗಂಜಿ ಬೇಡ. ನೀರು ಕುಡಿದರೂ ಕಣ್ಣಲ್ಲಿ ನೀರು. ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಅಂತ ಗೊತ್ತಿಲ್ಲ.

ನಿನ್ನೆ ಪ್ರಮಿಳಾ ಮೊಸರನ್ನು ಅರಿವೆಯಲ್ಲಿ ಕಟ್ಟಿ ನೀರು ಇಳಿಸಿದಳು. ಚಿಕ್ಕು ಸುಲಿದು ಮಿಕ್ಸರಿಗೆ ಹಾಕಿ, ಎರಡನ್ನೂ ಕೂಡಿಸಿ ಸಣ್ಣ ಸ್ಟೀಲ್ ಲೋಟಕ್ಕೆ ಸುರಿದು, ನಡುವೆ ಕಡ್ಡಿ ನಿಲ್ಲಿಸಿ ಫ್ರಿಜ್ಜಿನ ಮೇಲಿನ ಖಾನೆಯಲ್ಲಿಟ್ಟಳು. ಸಕ್ಕರೆ ಇಲ್ಲ, ಬಣ್ಣ ಇಲ್ಲ.

“ಇದೇನ ಹುಡುಗೂರ ಕುಲ್ಫಿ! ಮೊಸರಿಗೆ ಯಾರರೆ ಹಣ್ಣ ಕಲಸ್ತಾರನು?” ಅಂದೆ.

“ಬೈರಿ ಮಾಮಾ. ಅತ್ತಿ ತಿಂದ ಮುಗಸೂತನಕ ಬಾಯಿ ಮುಚಗೊಂಡ ಬೈರಿ.”

ಸಿದ್ದಕ್ಕ ಪೂರಾ ತಿಂದಳು. ನಾಲ್ಕು ದಿನದಲ್ಲಿ ಹೊಟ್ಟೆಗೆ ಇಳಿದದ್ದು ಅದೊಂದೇ. ನಾನು ಬೈಯಲಿಲ್ಲ.

ಏಪ್ರಿಲ್ 11, ಶುಕ್ರವಾರ

ಪ್ರಮಿಳಾ ನನಗೂ ಕಲಿಸಿದ್ದಾಳೆ. ಅವಳು ಮೊಸರು ಕಟ್ಟಿ ಇಟ್ಟು ಹೋಗುವುದು, ನಾನು ಮಧ್ಯಾಹ್ನ ಹಣ್ಣು ಸುಲಿದು ರುಬ್ಬಿ ಲೋಟ ತುಂಬುವುದು. ದವಾಖಾನೆಯವರ ಕಟ್ಟಳೆ — ಸಿಪ್ಪೆ ತೆಗೆಯುವ ಹಣ್ಣೇ ಬೇಕು, ಮೊಸರು ಪಾಕೀಟಿನದೇ ಬೇಕು. ಮೈಯಲ್ಲಿ ರೋಗ ತಡೆಯುವ ಶಕ್ತಿ ಇಲ್ಲವಂತೆ. ದಿನಾ ತಿಂದದ್ದನ್ನು ಪ್ರಮಿಳಾ ಒಂದು ಪುಸ್ತಕದಲ್ಲಿ ಬರೆದಿಡುತ್ತಾಳೆ, ಡಾಕ್ಟರಿಗೆ ತೋರಿಸಲು.

ಇವತ್ತು ಪಾಕೀಟು ತರಲು ನನ್ನನ್ನೇ ಕಳಿಸಿದಳು. ಓಣಿಯ ತುದಿಯ ಅಂಗಡಿ ಬಂಡೆಪ್ಪನದು. ನಮ್ಮ ಊರು ಬೀಡಿ, ಅವನೂ ಅಲ್ಲಿಯವನೇ, ನಮ್ಮವನೇ. ನಾಲ್ಕು ಮಂದಿ ನಿಂತಿದ್ದರು.

“ಏನ ರಾಯಪ್ಪಣ್ಣ! ಹಾಲುಮತದಾಂವ ಮೊಸರು ಕೊಳ್ಳಾಕ ಬಂದಿ? ಎಮ್ಮಿ ಎಲ್ಲಾ ಫ್ರಿಜ್ಜಿನ್ಯಾಗ ಕಟ್ಟೀಯೇನ?”

ಎಲ್ಲರೂ ನಕ್ಕರು. ಪಾಕೀಟು ಅವನ ತಕ್ಕಡಿಯ ಮೇಲೆ ಒಗೆದು ಬಂದೆ.

ಕುರಿ ಮಾರಿದೆವು, ಎಮ್ಮೆ ಮಾರಿದೆವು, ಅನಗೋಳಕ್ಕೆ ಬಂದೆವು. ಆದರೆ ಮೊಸರು ಮಾತ್ರ ಕೊಂಡು ತಿಂದಿರಲಿಲ್ಲ. ಹಾಲು ಬತ್ತಿದ ವರ್ಷವೂ ಅವ್ವ ನೆರೆಮನೆಯಿಂದ ಹೆಪ್ಪು ಇಸಕೊಂಡಾಳು, ಮೊಸರು ಕೊಂಡವಳಲ್ಲ. ಹೆಪ್ಪು ಕೇಳುವುದು ಬಳಗ. ಮೊಸರು ಕೊಳ್ಳುವುದು ನಾಚಿಕೆ.

ಪ್ರಮಿಳಾ ತಾನೇ ಹೋಗಿ ಪಾಕೀಟು ತಂದಳು.

ಏಪ್ರಿಲ್ 13, ರವಿವಾರ. ಸಂಜೆ

ಬೀಡಿಗೆ ಹೋಗಿ ಬಂದೆ. ಸುಮ್ಮನೆ ಊರ ಕಡೆ ಹೋಗ್ತೀನಿ ಅಂತ ಹೇಳಿದ್ದೆ. ತಂಗಿ ಭರಮವ್ವ ಸಣ್ಣ ಗಡಿಗೆ ತುಂಬ ಎಮ್ಮೆ ಮೊಸರು ಕೊಟ್ಟಳು. ಬೆರಳು ಊರಿದರೆ ನಿಲ್ಲಬೇಕು, ಅಂಥ ಮೊಸರು.

“ಅಣ್ಣಾ, ವೈನಿಗೆ ಇದು ನಡೀತೈತೇನ? ಡಾಕ್ಟರನ ಕೇಳೀಯಿಲ್ಲೋ?”

“ಡಾಕ್ಟರ ಎಮ್ಮಿ ಕಟ್ಟ್ಯಾನೇನ? ಮುಚ್ಚ ಬಾಯಿ.”

ಖಾನಾಪುರ ಸ್ಟ್ಯಾಂಡಿನಲ್ಲಿ ಬೆಳಗಾವಿ ಬಸ್ಸು ಒಂದೂವರೆ ತಾಸು ತಡ. ಉರಿಬಿಸಿಲು. ಗಡಿಗೆಯನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ, ಕೂಸಿನ ಹಾಗೆ. ಬಚ್ಚಲ ಬಾಜೂ ತಂಪಿನಲ್ಲಿ ಬುಟ್ಟಿ ಮುಚ್ಚಿ ಇಟ್ಟಿದ್ದೇನೆ. ಯಾರೂ ನೋಡಿಲ್ಲ.

ಏಪ್ರಿಲ್ 15, ಮಂಗಳವಾರ

ಮಾಡಿದೆ. ಪ್ರಮಿಳಾ ಕಟ್ಟಿಟ್ಟ ಪಾಕೀಟಿನ ಮೊಸರನ್ನು ಮೋರಿಗೆ ಸುರಿದೆ. ಭರಮವ್ವನ ಮೊಸರು ಅದೇ ಅರಿವೆಯಲ್ಲಿ ಕಟ್ಟಿ ಇಳಿಸಿದೆ. ಸ್ವಲ್ಪ ಹುಳಿ ಏರಿತ್ತು. ಮಾವಿನಹಣ್ಣು ಹಾಕಿದ ಮೇಲೆ ಗೊತ್ತಾಗಲಿಲ್ಲ.

ಸಿದ್ದಕ್ಕ ಎರಡು ತಿಂದಳು. ಎರಡು! ಕಡ್ಡಿ ಚೀಪಿದಳು. ಸಂಜೆ ಸೊಸೆ ಬಂದಾಗ ಕರೆದು ಹೇಳಿದಳು, “ಪ್ರಮಿಳಾ, ಇವತ್ತ ನಿನ್ನ ಕೈಗೆ ರುಚಿ ಬಂತ ನೋಡ. ನಮ್ಮ ಊರಾಗ ಕುಂತ ತಿಂದಂಗಾತು.”

ಪ್ರಮಿಳಾ ಮದುವೆಯಾಗಿ ಬಂದು ಹನ್ನೊಂದು ವರ್ಷ. ಅತ್ತೆಯಿಂದ ಇಂಥ ಮಾತು ಕೇಳಿರಲಿಲ್ಲ. ಮುಖ ಕೆಂಪಾಯಿತು. ಒಳಗೆ ಹೋಗಿ ಸುಮ್ಮಸುಮ್ಮನೆ ಪಾತ್ರೆ ಸರಿಸಿದಳು.

ನಾನು ಮೀಸೆಯಲ್ಲೇ ನಕ್ಕೆ. ನಾಳೆಗೂ ನಾಡಿದ್ದಿಗೂ ಆಗುವಷ್ಟು ಇದೆ.

ಏಪ್ರಿಲ್ 17, ಗುರುವಾರ. ಸಂಜೆ 6

ಸಿದ್ದಕ್ಕನಿಗೆ ಚಳಿ. ಜ್ವರ 101. ಮತ್ತೆ ನೋಡಿದಾಗ 103. ಹೊಟ್ಟೆನೋವು. ಅಮರ ಆಟೋ ತರಲು ಓಡಿದ್ದಾನೆ. ನೆಹರು ನಗರದ ದವಾಖಾನೆಗೆ ಒಯ್ಯಬೇಕು.

ಗಡಿಗೆ ತೊಳೆದು ಇಟ್ಟೆ. ಅದನ್ನು ಮೊದಲು ಯಾಕೆ ತೊಳೆದೆ?

ಏಪ್ರಿಲ್ 18, ಶುಕ್ರವಾರ

ರಕ್ತದಲ್ಲಿ ಕೀಟಾಣು ಸೇರಿವೆ. ಬಿಳಿ ರಕ್ತಕಣ ಬಹಳ ಕಡಿಮೆ. ಸಲೈನ್, ಇಂಜೆಕ್ಷನ್. ಸಿದ್ದಕ್ಕ ಗುರುತು ಹಿಡಿಯುತ್ತಾಳೆ, ಮಾತಾಡುವುದಿಲ್ಲ.

ಡಾಕ್ಟರು ಸಣ್ಣ ವಯಸ್ಸಿನವರು. ಪ್ರಮಿಳಾ ಪುಸ್ತಕ ಕೊಟ್ಟಳು. ಓದಿದರು — ಪಾಕೀಟ ಮೊಸರು, ಮಾವು, ಪಾಕೀಟ ಮೊಸರು, ಚಿಕ್ಕು.

“ಮನಿ ಮೊಸರು, ಹಸಿ ಹಾಲು... ಬ್ಯಾರೆ ಏನೂ ಕೊಟ್ಟಿಲ್ಲಲ್ಲ?”

“ಇಲ್ರಿ ಸರ್. ದೇವ್ರಾಣಿ.”

ಮೂರು ಮೊಳ ದೂರದಲ್ಲಿ ನಿಂತಿದ್ದೆ. ನನ್ನ ಚಪ್ಪಲಿ ನೋಡುತ್ತಿದ್ದೆ.

ಹೊರಗೆ ವರಾಂಡದಲ್ಲಿ ಅಮರ ಅವಳ ಮೇಲೆ ಏರಿ ಹೋದ. ಪ್ರಮಿಳಾಳ ಅಕ್ಕ ಮಾಲಾ ಬುತ್ತಿ ತಂದು ನಿಂತಿದ್ದಳು. ಬೇರೆ ರೋಗಿಗಳ ಮಂದಿಯೂ ಇದ್ದರು.

“ಆ ಮೊಸರ ಕಟ್ಟೂ ಅರಿವಿ ಕುದಿಯೂ ನೀರಾಗ ಹಾಕಿದ್ದೆಯೋ ಇಲ್ಲೋ? ಒಂದ ಕೆಲಸ ನೆಟ್ಟಗ ಮಾಡಾಕ ಬರೂದಿಲ್ಲ ನಿನಗ! ನಮ್ಮವ್ವನ ಜೀವಾ ತಗೀತಿ ನೀ!”

“ಹಾಕಿದ್ದೆನ್ರಿ. ದಿನಾ ಹಾಕೀನಿ...”

ಎಲ್ಲರೂ ನನ್ನ ಕಡೆ ನೋಡಿದರು, ಹಿರಿಯ ಅಂತ. ನಾನು ಅಂದೆ, “ಹೋಗ್ಲಿ ಬಿಡೋ ಅಮರ. ತಿಳೀಲಾರದ ಮಾಡ್ಯಾಳ ಹುಡುಗಿ.”

ನನ್ನ ಬಾಯಿಂದಲೇ ಬಂತು ಈ ಮಾತು. ದೊಡ್ಡ ಮನುಷ್ಯನಂತೆ. ಮಾಲಾ ಕೈ ಮುಗಿದಳು — ತಂಗಿಯನ್ನು ಕಾಯ್ದ ಮಾವ ಅಂತ.

ಹುಳ ಬೀಳಲಿ ಈ ಬಾಯಿಗೆ.

ಏಪ್ರಿಲ್ 19, ಶನಿವಾರ. ಬೆಳಿಗ್ಗೆ 9

ಡಾಕ್ಟರು ಒಬ್ಬರೇ ಇದ್ದಾಗ ಒಳಗೆ ಹೋದೆ. ಮೂರು ದಿನ ಊರ ಮೊಸರು ತಿಂದಾಳ್ರಿ ಅಂದೆ. ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. ಏನೋ ಬರೆದರು, ನರ್ಸನ್ನು ಕರೆದು ಔಷಧ ಬದಲಿಸಿದರು.

“ಇದರಿಂದಲೇ ಆತು ಅಂತ ನಾ ಹೇಳೂದಿಲ್ಲ. ಆದ್ರ ನಿನ್ನೇನ ಹೇಳಬೇಕಿತ್ತಲ್ಲ ಅಜ್ಜಾರ. ಒಂದಿನಾ ಹೋತು.”

“ನಮ್ಮ ಹುಡುಗಗ ಹೇಳಬ್ಯಾಡ್ರಿ” ಅಂದೆ.

ತಲೆ ಎತ್ತಿ ನೋಡಿದರು. ಅಷ್ಟೇ. ಇದಕ್ಕಿಂತ ಕಪಾಳಕ್ಕೆ ಹೊಡೆದಿದ್ದರೆ ಚಲೋ ಇತ್ತು.

ಏಪ್ರಿಲ್ 27, ರವಿವಾರ

ಸಿದ್ದಕ್ಕ ನಿನ್ನೆ ಮನೆಗೆ ಬಂದಳು. ಕೈ ಹಿಡಿದರೆ ಎಲುಬು ಸಿಗುತ್ತವೆ. ಬದುಕಿದಳು. ಮುಂದಿನ ಕೀಮೋ ಮೇ ಐದಕ್ಕೆ.

ಲೋಟ, ಕಡ್ಡಿ, ಅರಿವೆ ಎಲ್ಲವನ್ನೂ ಪ್ರಮಿಳಾ ಅಟ್ಟಕ್ಕೆ ಹಾಕಿದ್ದಾಳೆ. ಕೇಳಿದೆ.

“ನನ್ನ ಕೈಲೆ ಬ್ಯಾಡ್ರಿ ಮಾಮಾ. ಮತ್ತ ಏನರೆ ಆದ್ರ ನನಗ ತಡಕೊಳ್ಳಾಕ ಆಗೂದಿಲ್ಲ.”

ಅವಳ ಕೈ ನೋಡಿದೆ. ಸಾಬೂನು ಹಚ್ಚಿ ಹಚ್ಚಿ ಬೆರಳ ಸಂದಿ ಒಡೆದಿವೆ. ಒಂದು ಚಮಚ ಮುಟ್ಟಬೇಕಾದರೂ ಎರಡು ಸಲ ಕೈ ತೊಳೆಯುತ್ತಾಳೆ. ಅಮರ ಅವಳ ಜೋಡಿ ಬೇಕಾದಷ್ಟೇ ಮಾತಾಡುತ್ತಾನೆ.

ಮೇ 1, ಗುರುವಾರ

ಬಂಡೆಪ್ಪನ ಅಂಗಡಿಗೆ ನಾನೇ ಹೋದೆ. ಏನೋ ಅಂದ, ನಕ್ಕ. ಎರಡು ಪಾಕೀಟು ತಂದೆ. ಅಟ್ಟದಿಂದ ಲೋಟ ಇಳಿಸಿ ಕುದಿಸಿದೆ. ಬಾಳೆಹಣ್ಣು ಹಾಕಿ ಮಾಡಿದೆ. ಸಿದ್ದಕ್ಕ ಎರಡು ಸಲ ನೆಕ್ಕಿ ಕೆಳಗಿಟ್ಟಳು.

“ಪ್ರಮಿಳಾ ಯಾಕ ಮಾಡವಲ್ಲಳು? ನನ್ನ ಮ್ಯಾಲ ಬ್ಯಾಸರ ಆಗೇತೇನ ಆಕಿಗೆ?”

ತಡೆಯಲಾಗಲಿಲ್ಲ. ಎಲ್ಲಾ ಹೇಳಿದೆ. ಗಡಿಗೆ, ಮೋರಿ, ವರಾಂಡದ ಮಾತು. ಕಣ್ಣು ಮುಚ್ಚಿ ಕೇಳಿದಳು.

“ನನ್ನ ಮುಂದ ಹೇಳೂದು ಸರಳ. ನಲವತ್ತ ವರ್ಷ ನಿಮ್ಮ ತಪ್ಪ ನುಂಗಿ ನನಗ ರೂಢಿ ಆಗೇತಿ. ಆಕಿಗೆ ಹೇಳ್ರಿ.”

ಗೋಡೆ ಕಡೆ ತಿರುಗಿ ಮಲಗಿದಳು.

ಮೇ 3, ಶನಿವಾರ. ಸಂಜೆ

ಪ್ರಮಿಳಾ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದಳು. ಹೋಗಿ ನಿಂತೆ. ನಿಂತು ಹೇಳಿದೆ. ಆಣೆ ಮಾಡಲಿಲ್ಲ, ನೆವ ಹೇಳಲಿಲ್ಲ. ಪಾಕೀಟು ಕೊಳ್ಳಲು ನಾಚಿಕೆಯಾಗಿತ್ತು ಅಂತಷ್ಟೇ ಅಂದೆ.

ಕೈಯಲ್ಲಿದ್ದ ಟವೆಲ್ ಮಡಿಚಿದಳು. ಮತ್ತೆ ಬಿಚ್ಚಿ ಮಡಿಚಿದಳು. ಕೂಗಾಡುತ್ತಾಳೆ ಅಂತ ಕಾದೆ.

“ಯಾವತ್ತಿಂದ ಹಾಕಿದ್ರಿ?”

“ಮಂಗಳವಾರದಿಂದ. ಮಾವಿನಹಣ್ಣಿಂದು ಮಾಡಿದ್ದೆನಲ್ಲ, ಅವತ್ತಿಂದ.”

ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. “ಹಂಗಾರ ಅತ್ತಿ ನನ್ನ ಹೊಗಳಿದ್ದೂ ನಿಮ್ಮ ಮೊಸರಿಗೇ.”

ಅದನ್ನು ನಾನು ಯೋಚಿಸಿರಲಿಲ್ಲ. ತಪ್ಪು ಹೊರಿಸಿದ್ದೊಂದೇ ಅಂದುಕೊಂಡಿದ್ದೆ. ಹನ್ನೊಂದು ವರ್ಷಕ್ಕೊಮ್ಮೆ ಸಿಕ್ಕ ಒಂದು ಮಾತನ್ನೂ ಕಸಿದಿದ್ದೆ.

“ತಪ್ಪಾತವ್ವ” ಅಂದೆ. ಜನ್ಮದಲ್ಲಿ ಯಾರಿಗೂ ಅಂದ ಮಾತಲ್ಲ.

“ನನಗ ಒಬ್ಬಾಕಿಗೇ ಹೇಳಿದ್ರಿ, ಮಾಮಾ. ಅವರು ನನ್ನ ಬೈದದ್ದು ಮಂದಿ ಮುಂದ. ನಮ್ಮಕ್ಕನ ಮುಂದ.”

ಬಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮೇ 4, ರವಿವಾರ. ಬೆಳಿಗ್ಗೆ 10.20

ಮಾಲಾಗೆ ನಾನೇ ಫೋನ್ ಹಚ್ಚಿ ಊಟಕ್ಕೆ ಬಾ ಅಂದಿದ್ದೆ. ಬಂದಿದ್ದಾಳೆ — ಒಳಗೆ, 10.05. ಸಿದ್ದಕ್ಕ ದಿಂಬಿಗೆ ಒರಗಿ ಎದ್ದು ಕೂತಿದ್ದಾಳೆ, ನನ್ನನ್ನೇ ನೋಡುತ್ತಾಳೆ. ಅಮರ ಪಡಸಾಲೆಯಲ್ಲಿ ಪೇಪರ್ ಹಿಡಿದಿದ್ದಾನೆ. ಪ್ರಮಿಳಾ ಅಡಿಗೆಮನೆಯ ಬಾಗಿಲಲ್ಲಿ. ನನಗೆ ಹೇಳಿ ಅಂತಲೂ ಇಲ್ಲ, ಬೇಡ ಅಂತಲೂ ಇಲ್ಲ.

ಮಗನ ಮುಂದೆ ತಲೆ ತಗ್ಗಿಸುವುದು... ಅವನನ್ನು ಬೈದು ಬೆಳೆಸಿದವನು ನಾನು. ಹೆಂಡತಿಯ ಮೇಲೆ ಹಾಗೆ ಏರಿ ಹೋಗುವುದನ್ನೂ ನನ್ನನ್ನು ನೋಡಿಯೇ ಕಲಿತಿದ್ದಾನೆ.

ಬಾಯಿ ತಪ್ಪಬಾರದು ಅಂತ ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ.

ಅಮರ, ಪೇಪರ್ ಕೆಳಗಿಡು. ಮಾಲಾ, ನೀನೂ ಕುಂದರು. ಪ್ರಮಿಳಾಳ ಕೈಯಲ್ಲಿ ತಪ್ಪಿರಲಿಲ್ಲ. ಅವತ್ತು ಆ ಮೊಸರು ಬದಲಿಸಿದವನು ನಾನು.