ಘಾಟಲ್ಲದ ಕೆಮ್ಮು

ಮಾನ್ಯ ಆರೋಗ್ಯಾಧಿಕಾರಿಗಳೇ,

ನನ್ನ ಅವ್ವ ಉಡಚವ್ವ ಕಳೆದ ಜೂನ್‌ನಲ್ಲಿ ಕ್ಷಯದಿಂದ ತೀರಿಕೊಂಡಳು. ಅವಳ ಮಗ್ಗುಲಲ್ಲೇ ಕುಳಿತು, ಅವಳು ಬಿಟ್ಟ ಉಸಿರನ್ನೇ ಎಳೆದುಕೊಂಡ ಹನ್ನೊಂದು ಹೆಂಗಸರನ್ನು ನಿಮ್ಮ ಇಲಾಖೆ ಇವತ್ತಿನವರೆಗೂ ಪರೀಕ್ಷಿಸಿಲ್ಲ. ಅವರಲ್ಲೊಬ್ಬರು ಈಗ ಕೆಮ್ಮುತ್ತಿದ್ದಾರೆ. ನನ್ನ ದೂರು ಇಷ್ಟೇ. ಮೂರು ಸಲ ಅರ್ಜಿ ಕೊಟ್ಟೆ. ಮೂರರ ಮೇಲೂ ‘ಸ್ವೀಕರಿಸಿದೆ’ ಎಂಬ ಮುದ್ರೆ ಬಹಳ ಅಚ್ಚುಕಟ್ಟಾಗಿ ಬಿದ್ದಿದೆ. ಆಮೇಲೆ ಏನೂ ಆಗಲಿಲ್ಲ, ಹಾಗಾಗಿ ಪತ್ರಿಕೆಗೆ ಬರೆಯುತ್ತಿದ್ದೇನೆ.

ನೀವು ನನ್ನನ್ನು ಒಮ್ಮೆ ನೋಡಿದ್ದೀರಿ. ರಾಣೆಬೆನ್ನೂರಿನಲ್ಲಿ ನರ್ಸಿಂಗ್ ಓದುವ ಹುಡುಗಿ ನಾನು. ಏಪ್ರಿಲ್‌ನಲ್ಲಿ ವಿಶ್ವ ಆರೋಗ್ಯ ದಿನದ ಅಂಗವಾಗಿ ನೀವು ಪ್ರಬಂಧ ಸ್ಪರ್ಧೆ ಇಟ್ಟಿರಿ. ವಿಷಯ: ‘ಜಾಗತಿಕ ಆರೋಗ್ಯದ ಇಂದಿನ ಸಮಸ್ಯೆಗಳು, ವಿದ್ಯಾರ್ಥಿಯ ದೃಷ್ಟಿಯಲ್ಲಿ’. ನಾನು ಬಡ ದೇಶಗಳಿಗೆ ಲಸಿಕೆ ಸಿಗದಿರುವುದನ್ನು ಬರೆದೆ, ಔಷಧಿಗೆ ಜಗ್ಗದ ರೋಗಾಣುಗಳ ಬಗ್ಗೆ ಬರೆದೆ, ಬಿಸಿಯೇರುತ್ತಿರುವ ಭೂಮಿಯ ಬಗ್ಗೆಯೂ ಬರೆದೆ. ಕ್ಷಯಕ್ಕೂ ಒಂದು ಪುಟ ಕೊಟ್ಟೆ. ಎರಡು ವಾರ ದಾಟಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಲೇಬೇಕು ಎಂದು ಅಡಿಗೆರೆ ಎಳೆದು ಬರೆದೆ. ಎರಡನೇ ಬಹುಮಾನ ಬಂತು. ನೀವೇ ಕೈಯಾರೆ ಪ್ರಮಾಣಪತ್ರ ಕೊಟ್ಟಿರಿ, ಇಬ್ಬರೂ ಫೋಟೋಕ್ಕೆ ನಕ್ಕೆವು. ಆ ಹೊತ್ತಿಗೆ ಬ್ಯಾಡಗಿಯಲ್ಲಿ ನನ್ನ ಅವ್ವ ಕೆಮ್ಮಲು ಶುರುಮಾಡಿ ಮೂರು ತಿಂಗಳಾಗಿತ್ತು. ನನ್ನ ಪ್ರಬಂಧದ ಜಗತ್ತು ಬ್ಯಾಡಗಿಯಿಂದ ಎಷ್ಟು ಕಿಲೋಮೀಟರ್ ಆಚೆ ಶುರುವಾಗುತ್ತಿತ್ತೋ, ನನಗೆ ಈಗಲೂ ಲೆಕ್ಕ ಸಿಗುತ್ತಿಲ್ಲ. ನಿಮಗೇನಾದರೂ ಸಿಕ್ಕಿದೆಯೇ?

ಅವ್ವನ ಕೆಲಸ ಮೆಣಸಿನಕಾಯಿಯ ತೊಟ್ಟು ಮುರಿದು ತೆಗೆಯುವುದು. ನಮ್ಮಲ್ಲಿ ಅದಕ್ಕೆ ತುಂಬು ಬಿಡಿಸುವುದು ಎನ್ನುತ್ತಾರೆ. ತಗಡಿನ ಗೋದಾಮು, ಒಂದೇ ಬಾಗಿಲು, ನಡುವೆ ಕೆಂಪು ರಾಶಿ, ಸುತ್ತ ಹನ್ನೆರಡು ಹೆಂಗಸರು. ಗಾಳಿಗೆ ಸಿಪ್ಪೆ ಹಾರಿಹೋಗುತ್ತದೆಂದು ಬಾಗಿಲನ್ನೂ ಮುಕ್ಕಾಲು ಮುಚ್ಚಿರುತ್ತಾರೆ. ಒಳಗೆ ಹೋದವರು ಯಾರೇ ಆಗಲಿ ಕೆಮ್ಮಲೇಬೇಕು. ಕೆಮ್ಮಿದರೆ ‘ಘಾಟು’ ಎನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಬೇರೆ ಊರಿನಲ್ಲಿ ಕೆಮ್ಮಿದರೆ ಪಕ್ಕದವರು ಏನಾಯಿತು ಎಂದಾದರೂ ಕೇಳುತ್ತಾರೆ. ನಮ್ಮೂರಿನಲ್ಲಿ ಕೆಮ್ಮುವವರಿಗೆ ಉತ್ತರ ಮೊದಲೇ ತಯಾರಿರುತ್ತದೆ.

ಜನವರಿ ರಜೆಯಲ್ಲಿ ಮನೆಗೆ ಬಂದಾಗ ಒಂದು ದಿನ ನಾನೂ ಅವ್ವನ ಜೊತೆ ರಾಶಿಯ ಮುಂದೆ ಕುಳಿತಿದ್ದೆ. ಅವಳು ಕೆಮ್ಮಿ ಸುಧಾರಿಸಿಕೊಂಡು ಕೇಳಿದಳು:

“ಸುಧಾ, ಹದಿನೈದ ದಿವಸ ಮ್ಯಾಲಾತು ಇದು ಹತ್ತಿ. ನೀ ಕಲಿಯಾಕತ್ತೀಯಲ್ಲ, ಏನ್ ಇದ್ದೀತು ನೋಡು?”

ನನಗೂ ಆಗ ಮೂಗು, ಕಣ್ಣು ಸೋರುತ್ತಿತ್ತು. ಕೆಮ್ಮುತ್ತಲೇ ಹೇಳಿದೆ: “ಘಾಟು ಅದು, ಯವ್ವಾ. ಮುಖಕ್ಕ ಬಟ್ಟಿ ಕಟ್ಕೊಂಡು ಕೂಡು.”

ಅವ್ವ ಕಟ್ಟಿಕೊಂಡಳು. ಮಗಳು ನರ್ಸಮ್ಮ ಆಗುವವಳು, ಅವಳ ಮಾತು ಮೀರುವುದುಂಟೇ? ಕಫದಲ್ಲಿ ಕೆಂಪು ಕಂಡಾಗಲೂ ಮೆಣಸಿನಕಾಯಿಯ ಬಣ್ಣವಿರಬೇಕೆಂದು ತೊಳೆದುಕೊಂಡಳಂತೆ. ಇದು ಆಮೇಲೆ ಸುಗರಾಬಿ ಚಾಚಿ ಹೇಳಿದ್ದು. ಚಾಚಿ ಅವ್ವನ ಜೊತೆ ಅದೇ ಗೋದಾಮಿನಲ್ಲಿ ಒಂಬತ್ತು ವರ್ಷ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತವರು, ಒಂದೇ ಡಬ್ಬಿಯಲ್ಲಿ ರೊಟ್ಟಿ ಮುರಿದವರು. ಏಪ್ರಿಲ್ ಕೊನೆಯಲ್ಲಿ ಅವ್ವ ರಾಶಿಯ ಮೇಲೇ ಒರಗಿದಾಗ ಹಾವೇರಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೂ ಅವರೇ. ಸುದ್ದಿ ತಿಳಿದು ನಾನೂ ಅಲ್ಲಿಗೆ ಓಡಿದೆ. ಎದೆಯ ಎಕ್ಸ್‌ರೇ ನೋಡಿದ ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು, ಇಷ್ಟು ದಿನ ಮನೆಯಲ್ಲಿ ಯಾರೂ ಗಮನಿಸಲಿಲ್ಲವೇ ಎಂದು ಕೇಳಿದರು. ನಾನು ಏನು ಓದುತ್ತಿದ್ದೇನೆಂದು ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ತಪ್ಪು ನನ್ನದು. ಅದನ್ನು ನಿಮ್ಮ ಮೇಲೆ ಹಾಕುವುದಿಲ್ಲ, ಅದು ನನ್ನ ಜೊತೆಯೇ ಇರುತ್ತದೆ. ಬಸ್ಸಿನಲ್ಲಿ ಹಿಂದಿನ ಸೀಟಿನವರು ಕೆಮ್ಮಿದರೆ ತಿರುಗಿ ನೋಡುತ್ತೇನೆ. ವಾರ್ಡಿನಲ್ಲಿ ಯಾರೋ ಕೆಮ್ಮಿದರೆ ಕೈಯಲ್ಲಿದ್ದ ಸಿರಿಂಜು ಹಾಗೇ ನಿಲ್ಲುತ್ತದೆ. ಅವ್ವ ಎರಡು ಸಲ ಸಣ್ಣಗೆ ಕೆಮ್ಮಿ, ಸ್ವಲ್ಪ ತಡೆದು, ಮೂರನೆಯದನ್ನು ಸೆರಗಿನಲ್ಲಿ ಅದುಮುತ್ತಿದ್ದಳು. ಆ ಮೂರನೆಯದಕ್ಕೆ ನಾನು ಎಲ್ಲೆಲ್ಲೂ ಕಾಯುತ್ತಿರುತ್ತೇನೆ.

ಈಗ ನಿಮ್ಮ ತಪ್ಪಿಗೆ ಬರೋಣ. ಅವ್ವನಿಗೆ ರೋಗ ಖಾತ್ರಿಯಾದ ಮೇಲೆ ನಿಮ್ಮ ಕ್ಷೇತ್ರ ಸಿಬ್ಬಂದಿ ಕಲ್ಲೇಶಣ್ಣ ಫಾರ್ಮು ಹಿಡಿದು ಮನೆಗೆ ಬಂದರು. ‘ರೋಗಿಯ ಮನೆಯ ಸದಸ್ಯರು’ ಎಂಬ ಕೋಷ್ಟಕದಲ್ಲಿ ಅಪ್ಪನ ಹೆಸರು ಬರೆದರು. ಅಪ್ಪ ಲಾರಿ ಓಡಿಸುತ್ತಾರೆ, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಹಾಸ್ಟೆಲಿನಲ್ಲಿರುವ ನನ್ನ ಹೆಸರನ್ನೂ ಬರೆದರು. ಇಬ್ಬರಿಗೂ ಪರೀಕ್ಷೆಯಾಯಿತು, ಇಬ್ಬರೂ ಆರೋಗ್ಯವಾಗಿದ್ದೇವೆ, ಧನ್ಯವಾದಗಳು. ದಿನಕ್ಕೆ ಒಂಬತ್ತು ತಾಸು ಅವಳ ಜೊತೆ ಮುಚ್ಚಿದ ಗೋದಾಮಿನಲ್ಲಿ ಕುಳಿತವರನ್ನು ಎಲ್ಲಿ ಬರೆಯುತ್ತೀರಿ ಎಂದು ಕೇಳಿದೆ.

“ತಂಗೀ, ಮನಿ ಮಂದಿ ಅಂತ ಐತಿ ಇದರಾಗ. ಗೋದಾಮಿನ ಮಂದೀನ ಎಲ್ಲಿ ತುಂಬ್ಲಿ ನಾನು? ಮ್ಯಾಲಿನವರ ಹೇಳಿದ್ರ ನಾಳೆನ ಬರತೇನಿ,” ಎಂದರು ಕಲ್ಲೇಶಣ್ಣ. ಪಾಪ, ಅವರೊಬ್ಬರಿಗೆ ಹದಿನಾಲ್ಕು ಊರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಆ ಮೇಲಿನವರು ನೀವು. ರೋಗಾಣುವಿಗೆ ಪಡಿತರ ಚೀಟಿ ಓದಲು ಬರುತ್ತದೆಂದು ನಿಮಗೆ ಯಾರು ಹೇಳಿದರು? ಒಂದೇ ಚೀಟಿಯಲ್ಲಿದ್ದವರಿಗೆ ಮಾತ್ರ ಅಂಟಿ, ಚೀಟಿ ಬೇರೆಯಾದವರಿಗೆ ಕೈಮುಗಿದು ಹೋಗುತ್ತದೆಯೇ? ಗಾಳಿಯಾಡದ ಕೋಣೆಯಲ್ಲಿ ದೀರ್ಘಕಾಲ ಜೊತೆಗಿದ್ದವರೆಲ್ಲ ಸಂಪರ್ಕಿತರೇ ಎಂದು ನನ್ನ ಪಠ್ಯಪುಸ್ತಕ ಹೇಳುತ್ತದೆ. ನೀವೂ ಇದನ್ನೇ ಓದಿ ಪಾಸಾಗಿದ್ದೀರಿ. ಹಾಗಿದ್ದರೆ ಆ ಫಾರ್ಮಿನಲ್ಲಿ ಒಂದು ಸಾಲು ಹೆಚ್ಚಿಗೆ ಹಾಕಲು ಏನು ಅಡ್ಡಿ?

ಹೊಸ ಕಾಯಿ ಬರಲು ಶುರುವಾಗಿದೆ, ಗೋದಾಮು ಮತ್ತೆ ತುಂಬಿದೆ. ಕಳೆದ ಭಾನುವಾರ ಅಲ್ಲಿಗೆ ಹೋಗಿದ್ದೆ. ಬಾಗಿಲ ಹೊರಗೆ ಚಪ್ಪಲಿ ಬಿಡುವಾಗ ಒಳಗೆ ಕೆಮ್ಮು ಕೇಳಿಸಿತು. ಎರಡು ಸಣ್ಣವು, ಆಮೇಲೆ ಬಟ್ಟೆಯಲ್ಲಿ ಅದುಮಿದ ಒಂದು. ನಾನು ಒಳಗೆ ಹೋಗಲಾರದೆ ಅಲ್ಲೇ ನಿಂತೆ. ಒಳಗಿದ್ದದ್ದು ಸುಗರಾಬಿ ಚಾಚಿ, ಅವ್ವನ ಜಾಗಕ್ಕೆ ಸರಿದು ಕುಳಿತಿದ್ದರು. ತಿಂಗಳಿಂದ ಹೀಗೇ ಇದೆಯಂತೆ, ರವಿಕೆಯೂ ಸಡಿಲಾಗಿದೆ. ದವಾಖಾನೆಗೆ ಹೋಗೋಣ ಎಂದೆ.

“ಹೋದ್ರ ಮಂದಿ ಏನಂತ ತಿಳಕೋತಾರ? ಟಿಬಿ ಅಂದ್ರ ನನ್ನ ಇಲ್ಲಿ ಕೂಡಸಾಂಗಿಲ್ಲ, ಸುಧಾ. ಘಾಟು ಅಂದ್ರ ಕೂಡಸ್ತಾರ,” ಎಂದರು ಚಾಚಿ.

ಆದ್ದರಿಂದ ನನ್ನ ಬೇಡಿಕೆ ಇದು. ನಿಮ್ಮ ಫಾರ್ಮಿನ ‘ಮನೆ’ ಎಂಬ ಪದದ ಪಕ್ಕದಲ್ಲಿ ‘ಕೆಲಸದ ಜಾಗ’ ಎಂದು ಸೇರಿಸಿ. ಪರೀಕ್ಷೆಯ ವಾಹನವನ್ನು ಗೋದಾಮಿನ ಬಾಗಿಲಿಗೇ ಕಳಿಸಿ. ದಯವಿಟ್ಟು ಬ್ಯಾನರ್ ಕಟ್ಟಬೇಡಿ, ಕ್ಷಯ ಎಂಬ ಅಕ್ಷರ ಕಂಡರೆ ಅರ್ಧ ಜನ ಹಿಂಬದಿಯಿಂದ ಮನೆಗೆ ಹೋಗುತ್ತಾರೆ. ಘಾಟಿನ ತಪಾಸಣೆ ಎಂದೇ ಕರೆಯಿರಿ. ನಮಗೆ ಇಷ್ಟು ದಿನ ಮೋಸ ಮಾಡಿದ ಪದ, ಒಮ್ಮೆಯಾದರೂ ಕೆಲಸಕ್ಕೆ ಬರಲಿ.

ಈ ಪತ್ರ ಕಳಿಸುವ ಮೊದಲು ಹನ್ನೊಂದು ಮಂದಿಗೂ ಓದಿ ಹೇಳಿದೆ. ಹೆಸರು ಹಾಕಲೇ ಎಂದು ಕೇಳಿದೆ. ಹತ್ತು ಮಂದಿ ಬೇಡವೆಂದರು, ಅವರ ಹೆಸರು ಮುಚ್ಚಿದ ಲಕೋಟೆಯಲ್ಲಿ ನಿಮ್ಮ ಕಚೇರಿಗೆ ತಲುಪಿದೆ. ಸುಗರಾಬಿ ಚಾಚಿ ಮಾತ್ರ, “ನಂದು ಹಾಕು. ಯಾರರೆ ಒಬ್ಬರದು ಖರೇ ಹೆಸರು ಇಲ್ಲಂದ್ರ ಆ ಸಾಹೇಬ್ರು ನಂಬಾಂಗಿಲ್ಲ,” ಎಂದರು.

ಪತ್ರಿಕೆ ಬುಧವಾರ ಬೆಳಿಗ್ಗೆ ಬ್ಯಾಡಗಿಗೆ ಬರುತ್ತದೆ. ಗುರುವಾರದಿಂದ ಚಾಚಿಯನ್ನು ಯಾರೂ ಪಕ್ಕದಲ್ಲಿ ಕೂಡಿಸಿಕೊಳ್ಳಲಿಕ್ಕಿಲ್ಲ. ನೀವು ಬುಧವಾರವೇ ಬರಬೇಕು.

ಇಂತಿ,
ಬರುವ ವರ್ಷ ನಿಮ್ಮ ಇಲಾಖೆಯ ಕೆಲಸಕ್ಕೇ ಅರ್ಜಿ ಹಾಕಬೇಕಾಗಿರುವ, ಈ ಪತ್ರದ ನಂತರ ಅದರ ಆಸೆ ಬಿಟ್ಟಿರುವ
ಸುಧಾರಾಣಿ
ಬ್ಯಾಡಗಿ